ಚಂದ್ರಣ್ಣ ಇಳಿಸಿದ ಕಚ್ಚುಗಳು

ಹೊನ್ನಾಳಿಯ ಮೆಕ್ಯಾನಿಕ್ ಚಂದ್ರಣ್ಣ ಬೈಕ್ ಓಡಿಸುವವನ ಮಾತಿಗೆ ಕಿವಿಯನ್ನೇ ಕೊಡುತ್ತಿರಲಿಲ್ಲ. ಹಿಂದೆ ಕೂತವರಿಗೆ ಇಳಿಯಬೇಡಿ ಎಂದು ಕೈಸನ್ನೆ ಮಾಡಿ, ಹಿಂಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸಿ, ಗಾಡಿ ಎಷ್ಟು ಕುಸಿದಿದೆ ಎಂದು ಅಳೆಯುತ್ತಿದ್ದ. ಟೇಪುಗೀಪು ಇಲ್ಲ. ಆಮೇಲೆ ಶಾಕ್ ಅಬ್ಸಾರ್ಬರಿನ ಐದು ಕಚ್ಚುಗಳಲ್ಲಿ ಸ್ಪ್ರಿಂಗನ್ನು ಎಲ್ಲಿ ನಿಲ್ಲಿಸಬೇಕೆಂದು ಅವನೇ ತೀರ್ಮಾನಿಸುತ್ತಿದ್ದ.

"ಮುಂದೆ ಕೂತೋನಿಗೆ ಹ್ಯಾಂಡಲ್ ಐತೆ, ಬ್ರೇಕ್ ಐತೆ. ಹಿಂದೆ ಕೂತೋರಿಗೆ ಏನೈತ್ರೀ? ಬೆನ್ನೊಂದೇ" ಎನ್ನುತ್ತಿದ್ದ.

ಸ್ಪ್ರಿಂಗ್ ಬಿಗಿಯಾದಷ್ಟೂ ಗಾಡಿ ಗಟ್ಟಿ ಎಂದು ನಂಬಿದವರಲ್ಲಿ ನಾನೂ ಒಬ್ಬ. ಗೊಬ್ಬರದ ಚೀಲ ಹೇರಲೆಂದು ಐದನೇ ಕಚ್ಚಿಗೆ ಬಿಗಿ ಮಾಡಿಸಿದ್ದೆ. ಹೆಂಡತಿ ಗಿರಿಜೆಗೆ ಹೊಟ್ಟೆನೋವು ಶುರುವಾಗಿ, ಸಾಸ್ವೆಹಳ್ಳಿಯಿಂದ ಹೊನ್ನಾಳಿಯ ಡಾಕ್ಟರ ಬಳಿಗೆ ತಿಂಗಳಿಗೊಮ್ಮೆ ಕರೆತರುವಾಗ, ಒಂದೊಂದು ಗುಂಡಿಗೂ ಅವಳು ನರಳಿ ನನ್ನ ಭುಜ ಹಿಚುಕುತ್ತಿದ್ದಳು. ಚಂದ್ರಣ್ಣ ಅಳೆದು ನೋಡಿ ನನ್ನನ್ನೇ ಬೈದ. "ಅಕ್ಕಾರು ಯೂರಿಯಾ ಚೀಲ ಏನ್ರೀ?" ಗಿರಿಜೆ ನಕ್ಕಳು. ಸ್ಪ್ರಿಂಗ್ ಸಡಿಲಿಸಿ ಎರಡು ಕಚ್ಚು ಇಳಿಸಿದ.

ದಾವಣಗೆರೆಗೆ ಹೋಗಿ ಸ್ಕ್ಯಾನ್ ಮಾಡಿಸಿ ಎಂದು ಡಾಕ್ಟರು ಹೇಳಿದ್ದರು. ಆದರೆ ದಾರಿಯಲ್ಲಿ ಅವಳ ನರಳಾಟ ನಿಂತಿತ್ತಲ್ಲ, ಗುಳಿಗೆ ಹಿಡಿದಿದೆ, ಸ್ಕ್ಯಾನ್ ಯಾಕೆ ಎಂದು ಮುಂದೂಡಿದೆ. ಮುಂದಿನ ತಿಂಗಳು ಮತ್ತೆ ನರಳಿದಳು, ಅವನು ಇನ್ನೊಂದು ಕಚ್ಚು ಇಳಿಸಿದ, ಅವಳು ಸುಮ್ಮನಾದಳು. ಮೂರನೇ ತಿಂಗಳೂ ಹಾಗೆಯೇ. ನನಗೆ ಎಂಥ ಖುಷಿ! "ಹುಷಾರಾಗ್ತಾಳೆ ಚಂದ್ರಣ್ಣ, ನೋಡು" ಎಂದು ಅವನಿಗೇ ಹೇಳಿದೆ. ಅವನು ಸ್ಪ್ಯಾನರ್ ಒರೆಸಿದ.

ನಾಲ್ಕನೇ ತಿಂಗಳು ಬೆರಳು ತೂರಿಸಿದವನು ಎರಡೆರಡು ಸಲ ಅಳೆದ. ಕೊನೆಗೆ ನನ್ನೊಬ್ಬನನ್ನೇ ಒಳಗೆ ಕರೆದ. "ಇನ್ನು ಇಳಿಸಾಕೆ ಕಚ್ಚಿಲ್ರೀ. ಇಷ್ಟು ಸಡಿಲ ಮಾಡಿದ್ರೂ ಅಕ್ಕಾರು ಕೂತ್ರೆ ಗಾಡಿ ಕುಸಿಯಾದೇ ಇಲ್ಲ. ಅವ್ರ ತೂಕ ಇಳೀತಾ ಐತೆ. ಇವತ್ತೇ ದಾವಣಗೆರೆಗೆ ಕರ್ಕೊಂಡು ಹೋಗ್ರಿ, ಬೈಕಿನಾಗೆ ಬ್ಯಾಡ."

ಹೋದೆವು. ಹೊಟ್ಟೆಯ ಗೆಡ್ಡೆ ಲಿವರಿಗೂ ಹಬ್ಬಿತ್ತು. ಮೊದಲೇ ಬರಬೇಕಿತ್ತು ಎಂದರು. ಆರು ವಾರ ಬದುಕಿದಳು.

ಅವಳ ಶಿವಗಣಾರಾಧನೆಯ ದಿನ ಚಂದ್ರಣ್ಣ ಮನೆಗೆ ಬಂದ. ಊಟಕ್ಕೆ ಕೂರಲಿಲ್ಲ. "ಎರಡನೇ ತಿಂಗ್ಳೇ ನನಗೆ ಗೊತ್ತಾಗಿತ್ರೀ. ನೀವು ಖುಷಿಯಾಗಿದ್ರಿ, ಹೆಂಗೆ ಹೇಳ್ಲಿ? ಬಾಯಿ ಬರ್ಲಿಲ್ಲ. ನಂದೇ ತಪ್ಪು" ಎಂದು ಕಣ್ಣೊರೆಸಿಕೊಂಡ. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ತಪ್ಪು ಹೊರಲು ನನಗೆ ಯಾರಾದರೊಬ್ಬರು ಬೇಕಾಗಿದ್ದರು.

ಆಮೇಲೆ ಗಾಡಿಯನ್ನು ನ್ಯಾಮತಿಯಲ್ಲಿ ರಿಪೇರಿ ಮಾಡಿಸತೊಡಗಿದೆ. ಹೋದ ಬೇಸಿಗೆಯಲ್ಲಿ ಚಂದ್ರಣ್ಣ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡನಂತೆ. ತಪ್ಪು ತನ್ನದೇ ಎಂದುಕೊಂಡೇ ಹೋಗಿರಬೇಕು. ಆ ನಾಲ್ಕು ತಿಂಗಳೂ ಗಿರಿಜೆಯನ್ನು ಸೊಂಟ ಹಿಡಿದು ಎತ್ತಿ ಸೀಟಿನ ಮೇಲೆ ಕೂರಿಸುತ್ತಿದ್ದವನು ನಾನು. ಪ್ರತಿ ಸಲವೂ ಅವಳು ಮೊದಲಿಗಿಂತ ಹಗುರವಾಗಿದ್ದಳು. ಅದನ್ನು ಅವನಿಗೆ ನಾನು ಹೇಳಲೇ ಇಲ್ಲ.