ತಾತನ ಫಿರಂಗಿದಳ

ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್ ಊರಿನ ಗ್ರಂಥಾಲಯ ಬಾಗಿಲು ತೆರೆಯುವ ಮೊದಲೇ ನಿವೃತ್ತ ಅಂಚೆಯಣ್ಣ ಆಕ್ರಾಯ್ಡ್ ಅವರು ಮೆಟ್ಟಿಲ ಮೇಲಿರುತ್ತಾರೆ. ಕಂಕುಳಲ್ಲಿ ಬಿಸ್ಕತ್ತಿನ ಡಬ್ಬಿ, ಡಬ್ಬಿ ತುಂಬ ಮೊದಲ ಮಹಾಯುದ್ಧದಲ್ಲಿ ಫಿರಂಗಿ ಎಳೆಯುವ ಕುದುರೆಗಳನ್ನು ಓಡಿಸಿದ ತಾತನ ಕಾಗದಪತ್ರ. "ಏನ್ರೀ, ಇವತ್ತು ಯುದ್ಧ ಎಲ್ಲಿಗೆ ಬಂತು?" ಎಂದು ಗ್ರಂಥಪಾಲಕಿ ಮೋರೀನ್ ಕೆಣಕಿದರೆ, "ಇನ್ನೂ ಕೆಸರಲ್ಲೇ ಇದೀವಮ್ಮ, ಎರಡು ಫಿರಂಗಿ ಹೂತುಹೋಗಿವೆ" ಎಂದು ತಾವೇ ಎಳೆದು ಸುಸ್ತಾದವರಂತೆ ನಿಟ್ಟುಸಿರಿಡುತ್ತಾರೆ. ದಳದ ಅಧಿಕಾರಿಗಳ, ಅವರ ಹೆಂಡತಿಯರ, ಕೊನೆಗೆ ಲಾಳ ಬಡಿಯುವವನ ಸೋದರಮಾವನ ಹೆಸರೂ ಅವರಿಗೆ ಬಾಯಿಪಾಠ. ಪತ್ರಿಕೆ ಓದಲು ಬಂದವರು ಇವರು ಬಾಯಿ ತೆರೆದೊಡನೆ ಮೆಲ್ಲಗೆ ಕುರ್ಚಿ ಬದಲಿಸುತ್ತಾರೆ. ಉಳಿದ ಕತೆಯನ್ನು ಇವರು ಕಿಟಕಿಗೆ ಹೇಳಿ ಮುಗಿಸುತ್ತಾರೆ. ಮೊನ್ನೆ ಸದಸ್ಯತ್ವ ನವೀಕರಿಸುವಾಗ ಅರ್ಜಿಯಲ್ಲಿ ಒಂದು ಸಾಲು ಎದುರಾಯಿತು: ತುರ್ತಿದ್ದರೆ ಯಾರಿಗೆ ತಿಳಿಸಬೇಕು? ಪೆನ್ನು ಅಲ್ಲೇ ನಿಂತಿತು. ಹೆಂಡತಿ ತೀರಿಕೊಂಡು ಹನ್ನೊಂದು ವರ್ಷ, ಮಕ್ಕಳಿಲ್ಲ. ಕೊನೆಗೆ ತಲೆಯೆತ್ತಿ, "ನಿಮ್ಮ ಹೆಸರು ಬರೀಲಾ, ಮೋರೀನ್?" ಎಂದರು. "ಅದಕ್ಕೇನಂತೆ, ಬರೀರಿ" ಎಂದಳು ಆಕೆ. ಅವರು 'ಮೋರೀನ್' ಎಂದು ಬರೆದು ಮತ್ತೆ ತಡೆದರು. ಒಂಬತ್ತು ವರ್ಷ ದಿನಾ ತಮ್ಮನ್ನು ಮಾತಾಡಿಸಿದ ಈ ಹೆಂಗಸಿನ ಮನೆತನದ ಹೆಸರನ್ನು ಅವರು ಒಮ್ಮೆಯೂ ಕೇಳಿರಲಿಲ್ಲ.