ಬೇವಿನ ನೆರಳಿನಲ್ಲಿ ಹಸಿರು ಮನೆ

ಗೆಳೆಯರೇ, ಇವತ್ತು ತುಕ್ಕಾನಟ್ಟಿಯ ನಮ್ಮ ಮನೆಗೆ ಹಳೆಯ ಗುತ್ತಿಗೆದಾರರು ಹಸಿರು ಪಾಂಪ್ಲೆಟ್ ಹಿಡಿದು ಬಂದಿದ್ದರು. ನಾಲ್ಕು ವರ್ಷದ ಹಿಂದೆ, "ಮಣ್ಣಿನ ಮಾಳಿಗಿ ಈಗ ಯಾರ್ ಇಟ್ಕೊತಾರ್ರಿ?" ಎಂದು ನಗಾಡಿ, ಅಜ್ಜ ಕಟ್ಟಿಸಿದ್ದ ಮಣ್ಣಿನ ಚಾವಣಿಯ ಮನೆ ಕೆಡವಿಸಿ ಕಾಂಕ್ರೀಟ್ ಸ್ಲ್ಯಾಬ್ ಹಾಕಿದ ಪುಣ್ಯಾತ್ಮ ಇವರೇ. ಕೆಡವಿದ ಮಣ್ಣು ಇವರದೇ ಕಬ್ಬಿನ ಹೊಲಕ್ಕೆ ಗೊಬ್ಬರವಾಗಿ ಹೋಗಿತ್ತು.

ಅಂಗಳದ ಬೇವಿನ ಕೆಳಗೆ ಕೂತು ಶುರು ಮಾಡಿದರು: "ಸ್ಲ್ಯಾಬ್ ಮ್ಯಾಲ ಮಣ್ಣು ಹಾಕಿ ಇಕೋ-ಫ್ರೆಂಡ್ಲಿ ಮಾಡೂಣ್ರಿ ಕಾಕಾ. ಬೆಳಗಾವ್ಯಾಗ ಎಲ್ಲಾರೂ ಇದನ್ನ ಕೇಳಾಕತ್ತಾರ."

ಅಪ್ಪ ತಣ್ಣಗೆ ಎದ್ದರು. "ಒಳಗ ಬರ್ರಿ, ಚಾ ಕುಡಕೋತ ಮಾತಾಡೂಣು."

ಅವರು ಕುತ್ತಿಗೆಯ ಬೆವರು ಒರೆಸಿಕೊಂಡರು. "ಬ್ಯಾಡ್ರಿ ಕಾಕಾ, ಇಲ್ಲೇ ಛಲೋ ಐತಿ. ಒಳಗ ಭಾಳ ಧಗಿ."

ತಾವು ಕಟ್ಟಿದ ಮನೆಯ ಬಗ್ಗೆ ಅವರು ಆಡಿದ ಮೊದಲ ಖರೆ ಮಾತು.