ಪಂಪು ತೊಳೆದ ನೀರು

ಜಿರಳೆ ಮದ್ದಿನವನಿಗೆ ಬಾಯಿ ದೊಡ್ಡದು. ಬೆನ್ನಿಗೆ ಪಂಪು ಕಟ್ಟಿಕೊಂಡು ಹೋಟೆಲು, ಗೋದಾಮು, ಹಾಸ್ಟೆಲುಗಳಿಗೆ ಮದ್ದು ಹೊಡೆಯುತ್ತಲೇ ಅರ್ಧ ಆಯುಷ್ಯ ಕಳೆದವನು. ತಪ್ಪೇನಿದ್ದರೂ ಅದು ಇನ್ನೊಬ್ಬರದು, ತನ್ನದೆಂಬುದು ಒಂದೂ ಇಲ್ಲ. ಅಕ್ಕನ ಬೇಕರಿಗೆ ಮಾತ್ರ ಪುಕ್ಕಟೆ ಹೊಡೆಯುತ್ತಿದ್ದ. ಹೋದಲ್ಲೆಲ್ಲ ಅದನ್ನೇ ಡಂಗುರ ಸಾರುತ್ತಿದ್ದ.

ಅದೇ ಬೇಕರಿಯ ಒಲೆಯ ಸಂದಿಗಳಲ್ಲಿ ಈಗ ಜಿರಳೆ ಕಿಕ್ಕಿರಿದಿದ್ದವು. ಆರೋಗ್ಯ ಇಲಾಖೆಯವರು ಬಂದು ನೋಡಿ, ಸೋಮವಾರ ಮತ್ತೆ ಬರುತ್ತೇವೆ, ಒಂದು ಕಂಡರೂ ಬೀಗ ಎಂದು ಹೇಳಿಹೋದರು. ಗಂಡ ಸತ್ತ ಮೇಲೆ ಅಕ್ಕನಿಗೆ ಅನ್ನ ಹಾಕಿದ್ದು ಆ ಒಲೆ.

"ನಿನ್ನ ಮದ್ದು ಕುಡಿದು ಕೊಬ್ಬಿವೆ ಕಣೋ," ಎಂದಳು ಅಕ್ಕ.

"ಮದ್ದಿನ ಅಂಗಡಿಯವನು ಕಲಬೆರಕೆ ಕೊಟ್ಟಿದ್ದಾನೆ. ಅವನ ಗ್ರಹಚಾರ ಬಿಡಿಸ್ತೀನಿ. ನಿನ್ನ ಮಗಳು ಹುಳಗಳ ಬಗ್ಗೆನೇ ಓದ್ತಿದ್ದಾಳಲ್ಲ, ಅವಳೇ ಪರೀಕ್ಷೆ ಮಾಡ್ಲಿ."

ಮಗಳು ಎರಡು ಗಾಜಿನ ಜಾಡಿಗಳಿಗೆ ಅವನ ಮದ್ದನ್ನೇ ಪೂರ್ತಿ ಪ್ರಮಾಣದಲ್ಲಿ ಸವರಿದಳು. ಒಂದಕ್ಕೆ ಕಾಲೇಜಿನಲ್ಲಿ ಸಾಕಿದ, ಮದ್ದಿನ ಮುಖವನ್ನೇ ಕಾಣದ ಜಿರಳೆಗಳನ್ನು ಬಿಟ್ಟಳು, ಇನ್ನೊಂದಕ್ಕೆ ಬೇಕರಿಯವನ್ನು. ಚಹಾ ಕುಡಿದು ಮುಗಿಸುವಷ್ಟರಲ್ಲಿ ಕಾಲೇಜಿನವು ಅಂಗಾತ ಬಿದ್ದವು. ಬೇಕರಿಯವು ಮೀಸೆ ತಿಕ್ಕಿಕೊಳ್ಳುತ್ತಿದ್ದವು.

"ಮದ್ದು ಚೆನ್ನಾಗಿಯೇ ಇದೆ ಮಾವ," ಎಂದಳು ಹುಡುಗಿ. "ಹುಳದ ನರದಲ್ಲಿ ಪ್ರೋಟೀನಿನ ಸಣ್ಣ ಬಾಗಿಲು ಇರುತ್ತೆ. ಮದ್ದು ಅಲ್ಲಿ ಅಂಟಿದ್ರೆ ಬಾಗಿಲು ಮುಚ್ಚಲ್ಲ, ಹುಳ ಒದ್ದಾಡಿ ಸಾಯುತ್ತೆ. ಕೆಲವಕ್ಕೆ ಹುಟ್ಟುವಾಗಲೇ ಆ ಬಾಗಿಲು ಚೂರು ಬದಲಾಗಿರುತ್ತೆ, ಮದ್ದು ಸರಿಯಾಗಿ ಅಂಟಲ್ಲ. ಇನ್ನು ಕೆಲವು ಮೈಯೊಳಗಿನ ಕಿಣ್ವದಿಂದ ಮದ್ದನ್ನೇ ಒಡೆದುಹಾಕ್ತವೆ. ಮದ್ದು ಕಮ್ಮಿಯಾದ್ರೆ ಇಂಥವೇ ಬದುಕಿ ಮರಿ ಮಾಡ್ತವೆ, ಬರ್ತಾ ಬರ್ತಾ ಆ ಸಂತಾನ ಪೂರ್ತಿ ಮದ್ದಿಗೂ ಸಾಯಲ್ಲ. ನೀವು ಇಲ್ಲಿಗೆ ಎಷ್ಟು ಬೆರೆಸ್ತಿದ್ರಿ?"

ಮಾವ ಎದ್ದು ಪಂಪನ್ನು ಬೆನ್ನಿಗೇರಿಸತೊಡಗಿದ. ಅಕ್ಕ ಬಿಡಲಿಲ್ಲ. "ಹೇಳೋ. ಕೇಳ್ತಿದ್ದಾಳಲ್ಲ."

"ಎಲ್ಲ ಕೆಲಸ ಮುಗಿಸಿ ಕಡೆಗೆ ಇಲ್ಲಿಗೆ ಬರ್ತಿದ್ದೆ. ಪಂಪಲ್ಲಿ ಉಳಿದದ್ದಕ್ಕೆ ನೀರು ತುಂಬಿ ಹೊಡೀತಿದ್ದೆ. ಪಂಪೂ ತೊಳೆದ ಹಾಗಾಗ್ತಿತ್ತು."

ಅಕ್ಕನ ಮುಖ ಕೆಂಡವಾಯಿತು. "ಊರಿಗೆಲ್ಲ ಮದ್ದು, ಒಡಹುಟ್ಟಿದವಳಿಗೆ ಪಂಪು ತೊಳೆದ ನೀರು. ದುಡ್ಡು ಕೊಟ್ಟಿದ್ರೆ ಸರಿಯಾಗಿ ಹೊಡೀತಿದ್ದೆ, ಅಲ್ವಾ?"

"ಬೇರೆ ಜಾತಿಯ ಮದ್ದು ತರ್ತೀನಿ ಅಕ್ಕ."

"ಅದು ಸೋಮವಾರದೊಳಗೆ ಆಗೋ ಕೆಲಸ ಅಲ್ಲ," ಎಂದಳು ಹುಡುಗಿ.

ಸೋಮವಾರ ಇಲಾಖೆಯವರು ಬರುವ ಮೊದಲೇ ಅಕ್ಕ ಒಲೆ ಆರಿಸಿ, ತಾನೇ ಬೀಗ ಜಡಿದಳು. ತಮ್ಮನ ಕಡೆ ತಿರುಗಿಯೂ ನೋಡದೆ ಹೊರಟುಹೋದಳು. ಪಂಪು ಹೊತ್ತು ಬೀದಿಯಲ್ಲಿ ನಿಂತವನನ್ನು ಎದುರಿನ ಕ್ಷೌರಿಕ ಕೇಳಿದ: "ಅಕ್ಕನಿಗೆ ಪುಕ್ಕಟೆ ಹೊಡೀತಿದ್ದೆಯಲ್ಲಪ್ಪ, ಮತ್ತೆ ಬೀಗ ಯಾಕೆ ಬಿತ್ತು?"

ಅವತ್ತು ಬೈಯಲು ಅವನಿಗೆ ಬೇರೆ ಯಾರೂ ಸಿಗಲಿಲ್ಲ.